ನೀರುಚಿಗಟ ಎಣಿಸುವ ಪುಕ್ಕಟೆ ಕೆಲಸ

ವಿಶ್ವವಿದ್ಯಾಲಯದ ಲ್ಯಾಬಿಗೆ ಸ್ವಯಂಸೇವೆಗೆಂದು ಸೇರಿದವರ ಕೈಗೆ ಮೊದಲು ಬರುವುದು ಸೂಕ್ಷ್ಮದರ್ಶಕವಲ್ಲ, ಬಾಟಲಿ. ಖಾಲಿ ಬಾಟಲಿ, ರಾಶಿಗಟ್ಟಲೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ನಿನಲ್ಲಿ ನಾನು ಸಂಖ್ಯಾಶಾಸ್ತ್ರದ ಎಂ.ಎಸ್. ಓದುತ್ತಿದ್ದೆ. ಹಗಲೂ ರಾತ್ರಿ ಕಂಪ್ಯೂಟರಿನ ಮುಂದೆ ಕೂತು ಯಾರೋ ಎಲ್ಲೋ ಅಳೆದು ತಂದ ಅಂಕಿಗಳನ್ನು ಅರೆದು ಅರೆದು ಬೇಜಾರಾಗಿತ್ತು. ಈ ಅಂಕಿಗಳು ಹುಟ್ಟುವ ಜಾಗವನ್ನಾದರೂ ನೋಡೋಣ ಎಂದು ಅಲ್ಲಿನ ಸರೋವರ ವಿಜ್ಞಾನ ಕೇಂದ್ರಕ್ಕೆ ಹೋಗಿ ಕೇಳಿಕೊಂಡೆ. ವಾರಕ್ಕೆರಡು ಮಧ್ಯಾಹ್ನ ಬರಲು ಹೇಳಿದರು. ಅಮ್ಮನಿಗೆ ಫೋನಿನಲ್ಲಿ ತಿಳಿಸಿದರೆ, "ಮನೇಲಿ ಒಂದು ಲೋಟ ತೊಳೆದವಳಲ್ಲ, ಅಲ್ಲಿ ಬಾಟಲಿ ತೊಳೀತೀಯ? ಅದೂ ಪುಕ್ಕಟೆ?" ಅಂದಳು.

ತೊಳೆಯುವುದು ಅಂದರೆ ಸೋಪಿನ ಪುಡಿ ಹಾಕಿ ತಿಕ್ಕುವುದಲ್ಲ. ಮಾಮೂಲಿ ಸೋಪು ಅಲ್ಲಿ ಹತ್ತಿರವೂ ಸುಳಿಯುವಂತಿಲ್ಲ. ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಬಾಟಲಿಗಳನ್ನು ಮುಳುಗಿಸಿಡಬೇಕು. ಆಮೇಲೆ ಲವಣಗಳನ್ನೆಲ್ಲ ತೆಗೆದ ಶುದ್ಧ ನೀರಿನಲ್ಲಿ ಮತ್ತೆ ಮತ್ತೆ ಜಾಲಿಸಿ, ಬೋರಲು ಹಾಕಿ ಒಣಗಿಸಬೇಕು. ಇಷ್ಟೆಲ್ಲ ಮಡಿ ರಂಜಕಕ್ಕಾಗಿ. ಸರೋವರದ ನೀರಿನಲ್ಲಿ ರಂಜಕವನ್ನು ಅಳೆಯುವುದು ಲೀಟರಿಗೆ ಇಷ್ಟು ಮೈಕ್ರೋಗ್ರಾಂ ಎಂದು. ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಸೋಪಿನ ಸೋಂಕೋ ಬೆರಳ ಬೆವರೋ ತಗುಲಿದರೆ ಅಳೆದದ್ದು ಸರೋವರವೋ ನಮ್ಮ ಕೈಯೋ ಗೊತ್ತಾಗುವುದಿಲ್ಲ. ಪ್ರಾಣಿಗಳ ಮಾದರಿ ತುಂಬುವ ಸೀಸೆಗಳ ಕತೆ ಬೇರೆ. ಅವುಗಳೊಳಗೆ ಆಲ್ಕೋಹಾಲ್ ಇರುತ್ತದೆ. ಪೆನ್ನಿನಲ್ಲಿ ಬರೆದರೆ ಶಾಯಿ ಅದರಲ್ಲಿ ಕರಗಿ ನೀಲಿ ನೀರಾಗುತ್ತದೆ. ಹಾಗಾಗಿ ಜಾಗ, ಆಳ, ತಾರೀಖು ಎಲ್ಲವನ್ನೂ ಪೆನ್ಸಿಲ್ಲಿನಲ್ಲಿ ಬರೆದು ಚೀಟಿಯನ್ನು ಸೀಸೆಯ ಒಳಕ್ಕೇ ಹಾಕುತ್ತಾರೆ. ಕೋಟಿಗಟ್ಟಲೆ ಬೆಲೆಯ ಯಂತ್ರಗಳಿರುವ ಕಟ್ಟಡದಲ್ಲಿ ಎಲ್ಲರ ಕಿವಿಯ ಸಂದಿಯಲ್ಲೂ ಒಂದು ಮೋಟು ಪೆನ್ಸಿಲ್.

ಆ ಕಟ್ಟಡ ನಿಂತಿರುವುದೇ ಮೆಂಡೋಟಾ ಸರೋವರದ ದಂಡೆಯ ಮೇಲೆ. ಬಾಗಿಲು ತೆಗೆದರೆ ನೀರು. ಸುಮಾರು 40 ಚದರ ಕಿಲೋಮೀಟರ್ ವಿಸ್ತಾರ, ಹೆಚ್ಚೆಂದರೆ 25 ಮೀಟರ್ ಆಳ. ಜಗತ್ತಿನಲ್ಲಿ ಇಷ್ಟು ಅಧ್ಯಯನವಾದ ಸರೋವರ ಇನ್ನೊಂದಿಲ್ಲ ಎಂದು ಅಲ್ಲಿಯವರು ಜಂಬ ಕೊಚ್ಚಿಕೊಳ್ಳುತ್ತಾರೆ, ಕೊಚ್ಚಿಕೊಳ್ಳಲು ಕಾರಣವೂ ಇದೆ. ಎಡ್ವರ್ಡ್ ಬರ್ಜ್ ಎಂಬ ಪ್ರಾಣಿಶಾಸ್ತ್ರದ ಮೇಷ್ಟ್ರು 1870ರ ದಶಕದಲ್ಲಿ ಈ ಊರಿಗೆ ಬಂದು, ಇದೇ ನೀರಿನ ಸಣ್ಣ ಜೀವಿಗಳ ಬೆನ್ನು ಹತ್ತಿದರು. ಮುಂದೆ ವಿಶ್ವವಿದ್ಯಾಲಯದ ಅಧ್ಯಕ್ಷರೇ ಆದರು. ಅವರೂ ಚಾನ್ಸಿ ಜೂಡೆಯೂ ಸೇರಿ ಅಮೆರಿಕದಲ್ಲಿ ಸರೋವರ ವಿಜ್ಞಾನಕ್ಕೆ ಅಡಿಪಾಯ ಹಾಕಿದರು. ಅವರ ನಂತರ ಬಂದ ಆರ್ಥರ್ ಹ್ಯಾಸ್ಲರ್ ಕಾಲದಲ್ಲಿ, 1963ರಲ್ಲಿ, ಈಗಿನ ಕಟ್ಟಡ ಎದ್ದಿತು. ಸಾಮನ್ ಮೀನು ಹುಟ್ಟಿದ ಹೊಳೆಯ ವಾಸನೆ ಹಿಡಿದು ವಾಪಸಾಗುತ್ತದೆ ಎಂದು ತೋರಿಸಿಕೊಟ್ಟವರು ಈ ಹ್ಯಾಸ್ಲರ್. 1981ರಿಂದ ಇಲ್ಲಿ ದೀರ್ಘಾವಧಿ ಅಧ್ಯಯನ ಯೋಜನೆಯೊಂದು ನಡೆಯುತ್ತಿದೆ. ಅದೇ ಸರೋವರಗಳು, ಅದೇ ಅಳತೆಗಳು, ವರ್ಷದ ಮೇಲೆ ವರ್ಷ.

ಇದೆಲ್ಲಕ್ಕಿಂತ ಹಳೆಯದು ಮಂಜುಗಡ್ಡೆಯ ದಾಖಲೆ. ಸರೋವರ ಯಾವ ದಿನ ಹೆಪ್ಪುಗಟ್ಟಿತು, ಯಾವ ದಿನ ಬಿಟ್ಟುಕೊಂಡಿತು ಎಂಬುದನ್ನು 1850ರ ದಶಕದಿಂದ ಬರೆದಿಡುತ್ತಾ ಬಂದಿದ್ದಾರೆ. ಪಿಕ್ನಿಕ್ ಪಾಯಿಂಟ್ ಎಂಬ ಭೂಶಿರದಿಂದ ಆಚೆ ದಡದ ಮೇಪಲ್ ಬ್ಲಫ್‌ವರೆಗೆ ದೋಣಿ ಹುಟ್ಟು ಹಾಕಲು ಸಾಧ್ಯವೇ ಇಲ್ಲವೇ ಎಂಬುದೇ ಪರೀಕ್ಷೆ. ಉಪಗ್ರಹಗಳ ಕಾಲದಲ್ಲೂ ಈ ಹಳ್ಳಿ ಲೆಕ್ಕವನ್ನು ಬಿಟ್ಟಿಲ್ಲ. ಅಳತೆಗೋಲು ಬದಲಾದರೆ ಹಿಂದಿನ ನೂರು ವರ್ಷದ ಲೆಕ್ಕ ಇಂದಿನದರೊಂದಿಗೆ ಕೂಡುವುದಿಲ್ಲ. ಆಗಿನ ಚಳಿಗಾಲವನ್ನೂ ಈಗಿನದನ್ನೂ ಹೋಲಿಸಿದರೆ ಗಡ್ಡೆ ಕಟ್ಟಿರುವ ಅವಧಿ ಸುಮಾರು ಒಂದು ತಿಂಗಳು ಕಡಿಮೆಯಾಗಿದೆ. ಹವಾಮಾನ ಬದಲಾವಣೆಯ ಬಗ್ಗೆ ನಾನು ಓದಿದ ಎಷ್ಟೋ ಪ್ರಬಂಧಗಳಿಗಿಂತ ಆ ಒಂದು ಪಟ್ಟಿ ನನಗೆ ಹೆಚ್ಚು ನಾಟಿತು.

ಬಾಟಲಿಯ ಪಾಠ ಮುಗಿದ ಮೇಲೆ ದೋಣಿ ಹತ್ತಿಸಿದರು. ಅಲ್ಲಿ ಕಲಿತ ಮೊದಲ ಸಾಧನ ಸೆಕ್ಕಿ ತಟ್ಟೆ. 20 ಸೆಂಟಿಮೀಟರ್ ಅಗಲದ ಗುಂಡನೆ ತಟ್ಟೆ, ನಾಲ್ಕು ಭಾಗ ಮಾಡಿ ಕಪ್ಪು ಬಿಳಿ ಬಣ್ಣ ಬಳಿದಿದೆ, ನಡುವೆ ಅಳತೆ ಗುರುತು ಹಾಕಿದ ಹಗ್ಗ. ಆಂಜೆಲೊ ಸೆಕ್ಕಿ ಎಂಬ ಪಾದ್ರಿ 1865ರಲ್ಲಿ ಪೋಪರ ಹಡಗಿನಿಂದ ಮೆಡಿಟರೇನಿಯನ್ ಸಮುದ್ರಕ್ಕೆ ತಟ್ಟೆ ಇಳಿಸಿ ನೀರಿನ ತಿಳಿ ಅಳೆದರು. ಅವರ ಮುಖ್ಯ ಕಸುಬು ನಕ್ಷತ್ರ ನೋಡುವುದು! ತಟ್ಟೆಯನ್ನು ದೋಣಿಯ ನೆರಳಿನ ಮಗ್ಗುಲಲ್ಲಿ ಬಿಡಬೇಕು, ತಂಪು ಕನ್ನಡಕ ತೆಗೆಯಬೇಕು. ತಟ್ಟೆ ಕಣ್ಮರೆಯಾದ ಆಳ ಒಂದು, ಮೇಲೆಳೆಯುವಾಗ ಮತ್ತೆ ಕಂಡ ಆಳ ಇನ್ನೊಂದು. ಎರಡರ ಸರಾಸರಿ ಬರೆದುಕೊಂಡರೆ ಆಯಿತು. ಬ್ಯಾಟರಿ ಬೇಡ, ಆ್ಯಪ್ ಬೇಡ. ವಿಸ್ಕಾನ್ಸಿನ್ನಿನಲ್ಲಿ ಸರೋವರದ ದಡದ ನಿವಾಸಿಗಳೇ 1986ರಿಂದ ಇದೇ ತಟ್ಟೆ ಹಿಡಿದು ತಮ್ಮ ತಮ್ಮ ನೀರನ್ನು ಅಳೆದು ಸರ್ಕಾರಕ್ಕೆ ಲೆಕ್ಕ ಒಪ್ಪಿಸುತ್ತಿದ್ದಾರೆ. ಅವರಲ್ಲಿ ನಿವೃತ್ತರೇ ಹೆಚ್ಚು ಇರಬೇಕು ಎಂದು ನನ್ನ ಊಹೆ. ನಾನು ಕಂಡವರಂತೂ ಎಲ್ಲರೂ ಅಜ್ಜ ಅಜ್ಜಿಯರೇ.

ತಟ್ಟೆಯ ನಂತರ ಬಲೆ. ಬಾಯಿ ಅಗಲ, ಬುಡ ಚೂಪು, ಕಣ್ಣು ಬಲು ಸಣ್ಣ. ತಳದ ತನಕ ಇಳಿಸಿ ನಿಧಾನಕ್ಕೆ ಮೇಲೆಳೆದರೆ ತುದಿಯ ಬಟ್ಟಲಿನಲ್ಲಿ ಒಂದಿಷ್ಟು ಮಸುಕು ನೀರು. ಬೆಳಕಿಗೆ ಹಿಡಿದರೆ ಆ ಮಸುಕೆಲ್ಲ ಕುಪ್ಪಳಿಸುತ್ತದೆ. ಅವೇ ಪ್ರಾಣಿಪ್ಲವಕಗಳು. ಈಜಿ ಹೊಳೆ ದಾಟುವ ಶಕ್ತಿಯಿಲ್ಲದೆ ನೀರು ಒಯ್ದಲ್ಲಿಗೆ ಹೋಗುವ ಸಣ್ಣ ಪ್ರಾಣಿಗಳು. ಅವುಗಳಲ್ಲಿ ರಾಣಿ ಎಂದರೆ ಡಾಫ್ನಿಯಾ, ನಮ್ಮ ಶಾಲೆಯ ಪುಸ್ತಕಗಳ ನೀರುಚಿಗಟ. ಹೆಸರು ಚಿಗಟವಾದರೂ ಇದು ಸೀಗಡಿಯ ಬಳಗ. ಎರಡು ಮಿಲಿಮೀಟರಿನ ಮೈ ಪೂರ್ತಿ ಪಾರದರ್ಶಕ. ಜೀವಂತ ಡಾಫ್ನಿಯಾವನ್ನು ಸೂಕ್ಷ್ಮದರ್ಶಕದ ಕೆಳಗೆ ಮೊದಲ ಸಲ ನೋಡಿದಾಗ ನಾನು ಎದ್ದು ನಿಂತು ಪಕ್ಕದವಳನ್ನು ಕರೆದೆ. ಒಂದೇ ಒಂದು ಕಪ್ಪು ಕಣ್ಣು, ಅದೂ ಸುಮ್ಮನಿರದೆ ಅದುರುತ್ತಲೇ ಇದೆ. ಬೆನ್ನ ಬಳಿ ಗುಂಡಿಗೆ ಲೆಕ್ಕಕ್ಕೆ ಸಿಗದಷ್ಟು ವೇಗವಾಗಿ ಬಡಿಯುತ್ತಿದೆ. ತಿಂದ ಪಾಚಿ ಕರುಳಿನುದ್ದಕ್ಕೂ ಹಸಿರು ಗೆರೆಯಾಗಿದೆ. ಬೆನ್ನ ಚೀಲದಲ್ಲಿ ಮೊಟ್ಟೆಗಳು. ಕಾಲ ಒಳ್ಳೆಯದಿದ್ದರೆ ಹೆಣ್ಣು ಡಾಫ್ನಿಯಾಕ್ಕೆ ಗಂಡಿನ ಹಂಗಿಲ್ಲ, ತನ್ನಂಥದೇ ಹೆಣ್ಣುಗಳನ್ನು ಹೆರುತ್ತಾ ಹೋಗುತ್ತದೆ. ಚಳಿಯೋ ಬರಗಾಲವೋ ಹತ್ತಿರ ಬಂದಾಗ ಗಂಡುಗಳು ಹುಟ್ಟುತ್ತವೆ. ಆಗ ಇಡುವ ಗಟ್ಟಿ ಚಿಪ್ಪಿನ ಮೊಟ್ಟೆಗಳು ತಳದ ಕೆಸರಿನಲ್ಲಿ ವರ್ಷಗಟ್ಟಲೆ ನಿದ್ರೆ ಹೋಗಬಲ್ಲವು.

ಆ ಸೊಗಸೆಲ್ಲ ಜೀವಂತ ಮಾದರಿಗೆ ಮಾತ್ರ. ದಿನದ ಕೆಲಸ ಆಲ್ಕೋಹಾಲಿನಲ್ಲಿ ಸತ್ತವನ್ನು ಎಣಿಸುವುದು. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ, ಬಟ್ಟಲಿನ ಒಂದು ಅಂಚಿನಿಂದ ಶುರುಮಾಡಿ ಜಾತಿ ಜಾತಿ ಬೇರೆ ಮಾಡಿ ಲೆಕ್ಕ ಹಾಕಬೇಕು. ಡಾಫ್ನಿಯಾದಲ್ಲೇ ಎರಡು ಬಗೆ. ಒಂದಕ್ಕೆ ತಲೆ ಟೊಪ್ಪಿಗೆಯಂತೆ ಚೂಪು. ಅದರ ಹೆಸರೇ ಡಾಫ್ನಿಯಾ ಮೆಂಡೋಟೆ, ಈ ಸರೋವರದ ಹೆಸರನ್ನೇ ಬರ್ಜ್ ಅದಕ್ಕಿಟ್ಟರು. ಇನ್ನೊಂದು ಪುಲಿಕೇರಿಯಾ, ದೊಡ್ಡ ಮೈಯದು, ದೊಡ್ಡ ಹೊಟ್ಟೆಯದು. ಸರೋವರದ ಯೋಗಕ್ಷೇಮವೆಲ್ಲ ಈ ದೊಡ್ಡ ಹೊಟ್ಟೆಯ ಮೇಲೆ ನಿಂತಿದೆ.

ಅದು ಹೇಗೆಂದರೆ, ವಿಸ್ಕಾನ್ಸಿನ್ ಹೈನುಗಾರಿಕೆಯ ನಾಡು. ಹೊಲಕ್ಕೆ ಹಾಕಿದ ಸಗಣಿ ಗೊಬ್ಬರದ ರಂಜಕ ಮಳೆ ನೀರಿನೊಂದಿಗೆ ಸರೋವರ ಸೇರುತ್ತದೆ. ರಂಜಕ ಉಂಡ ಪಾಚಿ ಉಕ್ಕುತ್ತದೆ. ಬೇಸಿಗೆಯಲ್ಲಿ ನೀಲಿಹಸಿರು ಪಾಚಿ ಕೆನೆಗಟ್ಟಿ ನಾರುತ್ತದೆ, ಕೆಲವು ಬಗೆಯವು ವಿಷವನ್ನೂ ಬಿಡುತ್ತವೆ, ಈಜುವ ದಂಡೆಗಳನ್ನು ಮುಚ್ಚಬೇಕಾಗುತ್ತದೆ. ಈ ಪಾಚಿಯನ್ನು ಮೇಯುವವಳು ಪುಲಿಕೇರಿಯಾ. ಅವಳನ್ನು ತಿನ್ನುವುದು ಸಣ್ಣ ಮೀನು, ಅದನ್ನು ತಿನ್ನುವುದು ದೊಡ್ಡ ಮೀನು. 1987ರ ಬಿರುಬೇಸಿಗೆಯಲ್ಲಿ ನೀರುಚಿಗಟ ತಿನ್ನುವ ಸಿಸ್ಕೋ ಮೀನುಗಳು ರಾಶಿರಾಶಿಯಾಗಿ ಸತ್ತವು. ಅದೇ ಸುಮಾರಿಗೆ ವಾಲೈ, ನಾರ್ದರ್ನ್ ಪೈಕ್ ಎಂಬ ಬೇಟೆಗಾರ ಮೀನುಗಳ ಮರಿಗಳನ್ನು ಹೇರಳವಾಗಿ ಬಿಡತೊಡಗಿದ್ದರು. ಪುಲಿಕೇರಿಯಾ ಹೆಚ್ಚಿದಳು, ನೀರು ತಿಳಿಯಾಯಿತು.

ಆ ತಿಳಿ ಉಳಿಯಲಿಲ್ಲ. 2009ರ ಸೆಪ್ಟೆಂಬರಿನಲ್ಲಿ ಪದವಿ ತರಗತಿಯ ವಿದ್ಯಾರ್ಥಿಗಳು ಪಾಠದ ಭಾಗವಾಗಿ ಮೆಂಡೋಟಾದಲ್ಲಿ ಬಲೆ ಎಳೆದಾಗ ಅದರೊಳಗೆ ಮುಳ್ಳುಬಾಲದ ನೀರುಚಿಗಟ ಸಿಕ್ಕಿತು. ಯುರೋಪು, ಏಷ್ಯಾ ಕಡೆಯ ಪ್ರಾಣಿ; ಹಡಗುಗಳ ಹೊಟ್ಟೆಯಲ್ಲಿ ತುಂಬಿ ತಂದ ನೀರಿನೊಂದಿಗೆ 1980ರ ದಶಕದಲ್ಲಿ ಅಮೆರಿಕದ ಮಹಾಸರೋವರಗಳಿಗೆ ಇಳಿದಿತ್ತು. ಬಾಲ ಸೇರಿದರೆ ಒಂದು ಸೆಂಟಿಮೀಟರಿನ ಆಸುಪಾಸು, ಅದರಲ್ಲಿ ಹೆಚ್ಚಿನ ಪಾಲು ಮುಳ್ಳೇ. ಮರಿಮೀನು ನುಂಗಲು ಹೋದರೆ ಗಂಟಲಿಗೆ ಚುಚ್ಚುತ್ತದೆ. ಇದಕ್ಕೆ ಇಷ್ಟದ ಊಟ ನಮ್ಮ ಪುಲಿಕೇರಿಯಾ. ಕೆಲವೇ ವರ್ಷಗಳಲ್ಲಿ ಪುಲಿಕೇರಿಯಾ ಕುಸಿದಳು, ಸೆಕ್ಕಿ ತಟ್ಟೆ ಮೊದಲಿಗಿಂತ ಹತ್ತಿರ ಹತ್ತಿರ ಒಂದು ಮೀಟರ್ ಮೇಲೆಯೇ ಕಣ್ಮರೆಯಾಗತೊಡಗಿತು. ಕಳೆದುಕೊಂಡ ತಿಳಿಯನ್ನು ರಂಜಕ ತಗ್ಗಿಸಿಯೇ ಮರಳಿ ಪಡೆಯಬೇಕಾದರೆ, ಸರೋವರಕ್ಕೆ ಬರುವ ರಂಜಕವನ್ನು ಶೇ. 71ರಷ್ಟು ಕಡಿತ ಮಾಡಬೇಕು, ಅದಕ್ಕೆ 8.65 ಕೋಟಿಯಿಂದ 16.3 ಕೋಟಿ ಡಾಲರ್ ಖರ್ಚಾಗುತ್ತದೆ ಎಂದು ಅಲ್ಲಿನ ಸಂಶೋಧಕರು 2016ರಲ್ಲಿ ಲೆಕ್ಕ ಕೊಟ್ಟರು. ಇರುವೆಯಷ್ಟಿರುವ ಒಂದು ಪ್ರಾಣಿಯ ಹೆಸರಿಗೆ ಬಂದ ಬಿಲ್ಲು ಇದು.

ನನ್ನ ಸಂಖ್ಯಾಶಾಸ್ತ್ರದ ತಲೆಗೆ ಹಿಡಿಸಿದ್ದು ಈ ಕತೆಯ ಇನ್ನೊಂದು ತುದಿ. ಆಮೇಲೆ ತಳದ ಕೆಸರನ್ನು ಪದರ ಪದರವಾಗಿ ತೆಗೆದು ಹುಡುಕಿದಾಗ ಹಳೆಯ ಪದರಗಳಲ್ಲೂ ಮುಳ್ಳುಬಾಲದ ಚಿಗಟದ ಮುಳ್ಳುಗಳು ಸಿಕ್ಕವು. ಅಂದರೆ 2009ಕ್ಕಿಂತ ಎಷ್ಟೋ ವರ್ಷ ಮುಂಚೆಯೇ ಅದು ಇಲ್ಲಿತ್ತು. ಅಲ್ಲೊಂದು ಇಲ್ಲೊಂದು ಇದ್ದದ್ದರಿಂದ ಬಲೆಗೆ ಬಿದ್ದಿರಲಿಲ್ಲ. 2009ರ ಬೇಸಿಗೆ ಮಾಮೂಲಿಗಿಂತ ತಂಪಾಗಿತ್ತು, ಆಗ ಒಮ್ಮೆಲೆ ಉಕ್ಕಿತು. ಜಗತ್ತಿನಲ್ಲೇ ಅತಿ ಹೆಚ್ಚು ಅಳೆಯಲಾದ ನೀರಿನಲ್ಲೂ ಒಂದು ಜೀವಿ ಹೀಗೆ ಕಣ್ಣು ತಪ್ಪಿಸಿ ಬದುಕಬಹುದು. ಹಾಗಾಗಿ ಎಣಿಕೆಯ ಹಾಳೆಯಲ್ಲಿ ಸೊನ್ನೆ ಬರೆಯುವುದೂ ಕೆಲಸವೇ. 'ಇವತ್ತು ಸಿಗಲಿಲ್ಲ' ಎಂದು ಬರೆಯುವುದು ಬೇರೆ, ಏನೂ ಬರೆಯದೆ ಖಾಲಿ ಬಿಡುವುದು ಬೇರೆ. ಖಾಲಿ ಜಾಗ ನೋಡಿದವನಿಗೆ ಅಲ್ಲಿ ಹುಡುಕಿದ್ದರೋ ಇಲ್ಲವೋ ತಿಳಿಯುವುದಿಲ್ಲ. ತರಗತಿಯಲ್ಲಿ ಎರಡು ಸೆಮಿಸ್ಟರ್ ಕೇಳಿಯೂ ಮನಸ್ಸಿಗೆ ಇಳಿಯದಿದ್ದ ಈ ಮಾತು ಸೂಕ್ಷ್ಮದರ್ಶಕದ ಮುಂದೆ ಕತ್ತು ನೋಯಿಸಿಕೊಂಡ ಮೇಲೆ ಇಳಿಯಿತು.

ಆರು ವರ್ಷದ ನಂತರ, 2015ರಲ್ಲಿ, ಜೀಬ್ರಾ ಮಸ್ಸೆಲ್ ಎಂಬ ಪಟ್ಟೆಪಟ್ಟೆಯ ಚಿಪ್ಪುಜೀವಿ ಮೆಂಡೋಟಾದಲ್ಲಿ ಮೊದಲ ಬಾರಿ ಸಿಕ್ಕಿದ್ದೂ ಸರೋವರ ವಿಜ್ಞಾನದ ಪಾಠಕ್ಕೆ ಬಂದ ವಿದ್ಯಾರ್ಥಿಗಳ ಕೈಗೇ. ಈಗ ಅದು ದಂಡೆಯ ಕಲ್ಲು, ದೋಣಿಕಟ್ಟೆಯ ಕಂಬ ಎಲ್ಲಕ್ಕೂ ಅಂಟಿಕೊಂಡಿದೆ, ಬರಿಗಾಲಿನಲ್ಲಿ ಇಳಿದರೆ ಕುಯ್ಯುತ್ತದೆ. ಹೊಸಬರ ಕಣ್ಣು ತೀಕ್ಷ್ಣ ಎಂದು ಹೊಗಳಲು ಇದನ್ನು ಹೇಳುತ್ತಿಲ್ಲ. ಹೊಸಬರು ಬಹಳ ಮಂದಿ ಇರುತ್ತಾರೆ, ಮತ್ತೆ ಮತ್ತೆ ಬರುತ್ತಾರೆ, ಕಂಡದ್ದನ್ನೆಲ್ಲ "ಇದೇನು?" ಎಂದು ಕೇಳುತ್ತಾರೆ. ಲ್ಯಾಬಿಗೆ ಬೇಕಾದದ್ದು ಅದೇ.

ಪುಕ್ಕಟೆ ದುಡಿಮೆಯ ಬಗ್ಗೆಯೂ ಎರಡು ಮಾತು ಹೇಳಲೇಬೇಕು. ಕೈ ಕೆಸರಾಯಿತು, ಮೊಸರು ಬರಲಿಲ್ಲ. ಸ್ವಯಂಸೇವೆ ಎಂದರೆ ಸಂಬಳವಿಲ್ಲ. ಸಂಜೆ ಹೊತ್ತು ಕ್ಯಾಂಟೀನಿನಲ್ಲಿ ದುಡಿದೇ ಬಾಡಿಗೆ ಕಟ್ಟಬೇಕಾದ ಹುಡುಗ ಹುಡುಗಿಯರಿಗೆ ಈ ಬಾಗಿಲು ಅಷ್ಟು ಸುಲಭವಾಗಿ ತೆರೆಯುವುದಿಲ್ಲ. ಇನ್ನೊಂದು ಊರಿನ ಒಂದು ಲ್ಯಾಬಿನಲ್ಲಿ ನನ್ನ ಗೆಳತಿ ಇಡೀ ವರ್ಷ ಗಾಜು ತೊಳೆದಳು. ಒಮ್ಮೆಯೂ ಅವಳನ್ನು ನೀರಿಗೆ ಕರೆದೊಯ್ಯಲಿಲ್ಲ, ಆ ನೀರಿನಲ್ಲಿ ಏನು ಹುಡುಕುತ್ತಿದ್ದಾರೆಂದು ಹೇಳಲೂ ಇಲ್ಲ. ಅದನ್ನು ಸ್ವಯಂಸೇವೆ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ, ಬಿಟ್ಟಿ ಚಾಕರಿ ಅನ್ನಬೇಕು. ಒಳ್ಳೆಯ ಲ್ಯಾಬು ಬಾಟಲಿಯನ್ನೂ ತೊಳೆಸುತ್ತದೆ, ಬಲೆಯನ್ನೂ ಎಳೆಸುತ್ತದೆ, ಗುಂಪಿನ ಚರ್ಚೆಗೂ ಕೂರಿಸುತ್ತದೆ, ಮುಂದಿನ ಬೇಸಿಗೆಗೆ ಸಂಬಳದ ಕೆಲಸ ಇದ್ದರೆ ಮೊದಲು ಕರೆಯುತ್ತದೆ. ವಿದ್ಯಾರ್ಥಿ ವೀಸಾದ ಮೇಲೆ ಹೋದವರಿಗೆ ಇನ್ನೊಂದು ಎಚ್ಚರಿಕೆ: ಸಂಬಳ ಕೊಟ್ಟು ಮಾಡಿಸಬೇಕಾದ ಕೆಲಸವನ್ನು ಪುಕ್ಕಟೆ ಮಾಡಿದರೂ ಅಲ್ಲಿ ತಪ್ಪೇ. ಸೇರುವ ಮೊದಲೇ ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ಕೇಳಿಕೊಳ್ಳಿ.

ಇನ್ನು ನಮ್ಮ ಕಡೆಯ ಕೆರೆಗಳಿಗೆ ಬರುತ್ತೇನೆ. ನಮ್ಮೂರು ಇರುವುದು ಕೋಲಾರ ಜಿಲ್ಲೆಯಲ್ಲಿ. ತಾತನ ಕಾಲದಲ್ಲಿ ಕೆರೆಗೊಬ್ಬ ನೀರುಗಂಟಿ ಇರುತ್ತಿದ್ದ. ತೂಬು ಎಷ್ಟು ಎತ್ತಬೇಕು, ಯಾರ ಗದ್ದೆಗೆ ಯಾವಾಗ ನೀರು, ಕೋಡಿ ಬೀಳಲು ಇನ್ನೆಷ್ಟು ಮಳೆ ಬೇಕು, ಎಲ್ಲ ಅವನ ತಲೆಯಲ್ಲಿ. ಕೆರೆ ಒಣಗಿತು, ಆ ಕೆಲಸವೂ ಹೋಯಿತು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಅಂತರ್ಜಲ ಬಂತೆಂದು ಸಂತೋಷಪಟ್ಟವರಿದ್ದಾರೆ. ಎರಡನೇ ಹಂತದ ಸಂಸ್ಕರಣೆ ಸಾಲದು, ಮೂರನೆಯದೂ ಬೇಕು ಎಂದು ಹೋರಾಡಿದವರಿದ್ದಾರೆ. ನನ್ನ ಒಲವು ಎರಡನೆಯವರ ಕಡೆಗೆ. ಎರಡನೇ ಹಂತದಲ್ಲಿ ಕೊಳೆಯುವ ಪದಾರ್ಥ ಬಹುಪಾಲು ಹೋಗುತ್ತದೆ. ಸಾರಜನಕ, ರಂಜಕಗಳು ಬೇಕಾದಷ್ಟು ಉಳಿಯುತ್ತವೆ. ರಂಜಕ ಉಳಿದ ನಿಂತ ನೀರಿನಲ್ಲಿ ಏನಾಗುತ್ತದೆಂದು ನಾನು ಮೆಂಡೋಟಾದ ದಂಡೆಯಲ್ಲಿ ಕಣ್ಣಾರೆ ಕಂಡಿದ್ದೇನೆ, ಮೂಗಾರೆ ಅನುಭವಿಸಿದ್ದೇನೆ.

ಆದರೆ ವಾದ ಮಾಡಲು ನಮ್ಮ ಕೈಯಲ್ಲಿ ಅಂಕಿಗಳಿಲ್ಲ. ಅಧಿಕಾರಿಗಳ ಬಳಿ ಅಧಿಕಾರಿಗಳ ವರದಿ, ಹೋರಾಟಗಾರರ ಬಳಿ ಅವರು ಕಳಿಸಿದ ಮಾದರಿಯ ವರದಿ. ಅದೇ ಕೆರೆಯ ಅದೇ ಜಾಗದಲ್ಲಿ ವಾರವಾರವೂ ಅಳೆದ ಪುಸ್ತಕ ನಾನು ಕೇಳಿದ ಊರುಗಳಲ್ಲಿ ಯಾರ ಬಳಿಯೂ ಇರಲಿಲ್ಲ. 2016ರ ಮಾರ್ಚಿನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದಾಗಲೂ ಎಲ್ಲರೂ ಮಾದರಿ ಹಿಡಿಯಲು ಓಡಿದ್ದು ಸತ್ತ ಮೇಲೆ. ಪಾಚಿ ತುಂಬಿದ ಕೆರೆಯಲ್ಲಿ ಹಗಲು ಆಮ್ಲಜನಕ ಧಾರಾಳ. ರಾತ್ರಿ ಪಾಚಿಯೂ ಉಸಿರಾಡುತ್ತದೆ, ಕೊಳೆತದ್ದೂ ಆಮ್ಲಜನಕ ಎಳೆದುಕೊಳ್ಳುತ್ತದೆ, ಬೆಳಗಿನ ಜಾವಕ್ಕೆ ಅದು ತಳ ಮುಟ್ಟುತ್ತದೆ. ಹತ್ತು ಗಂಟೆಗೆ ಕಚೇರಿ ತೆರೆದ ಮೇಲೆ ಬಂದು ಅಳೆದವರಿಗೆ ಕೆರೆ ಆರೋಗ್ಯವಾಗಿಯೇ ಕಾಣಬಹುದು. ಐದೂವರೆಗೆ ಎದ್ದು ಹೋಗಬಲ್ಲವರು ಕೆರೆಯ ಪಕ್ಕದ ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿಗಳು ಮಾತ್ರ.

ಬಿ.ಎಸ್ಸಿ. ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ ಕಲಿಸುವ ಕಾಲೇಜುಗಳು ನಮ್ಮ ತಾಲೂಕುಗಳಲ್ಲಿವೆ, ಕೋಲಾರದಲ್ಲಿ ವಿಶ್ವವಿದ್ಯಾಲಯವೂ ಇದೆ. ಕರಗಿದ ಆಮ್ಲಜನಕ ಅಳೆಯುವ ವಿಂಕ್ಲರ್ ವಿಧಾನ 1888ರದು. ಅದಕ್ಕೆ ಬೇಕಾದ ಮ್ಯಾಂಗನೀಸ್ ಸಲ್ಫೇಟ್, ಅಯೋಡೈಡ್, ಥಯೋಸಲ್ಫೇಟ್ ಪದವಿ ಕಾಲೇಜಿನ ಬೀರುವಿನಲ್ಲಿ ಸಿಗುವ ಸಾಮಾನುಗಳೇ. ಬಾಟಲಿಯಲ್ಲಿ ಕಂದು ಗಷ್ಟು ಕಟ್ಟಿದರೆ ಆಮ್ಲಜನಕವಿದೆ, ಬೆಳ್ಳಗೇ ಉಳಿದರೆ ಇಲ್ಲ. ಆಮೇಲೆ ಟೈಟ್ರೇಷನ್ ಮಾಡಿ ಎಷ್ಟೆಂದು ಹೇಳಬಹುದು. ಸೆಕ್ಕಿ ತಟ್ಟೆಯನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಬಹುದು.

ಈ ಲೇಖನ ಓದುವ ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ ಇಷ್ಟೇ. ನಿಮ್ಮ ಕಾಲೇಜಿಗೆ ಹತ್ತಿರದ ಒಂದು ಕೆರೆ ಆರಿಸಿಕೊಳ್ಳಿ, ಪಂಚಾಯಿತಿಗೆ ಒಂದು ಅರ್ಜಿ ಕೊಡಿ, ಈಜು ಬರುವವರನ್ನೂ ಲೈಫ್ ಜಾಕೆಟ್ಟನ್ನೂ ಜೊತೆಗಿಟ್ಟುಕೊಳ್ಳಿ, ಒಬ್ಬೊಬ್ಬರನ್ನೇ ನೀರಿನ ಹತ್ತಿರ ಕಳಿಸಬೇಡಿ. ವಾರಕ್ಕೊಮ್ಮೆ ಅದೇ ಜಾಗ, ಅದೇ ಹೊತ್ತು. ಹಿರಿಯ ವಿದ್ಯಾರ್ಥಿಗಳು ಪಾಸಾಗಿ ಹೋಗುವ ಮುಂಚೆ ಕಿರಿಯರಿಗೆ ಪುಸ್ತಕ ವಹಿಸಿಕೊಡಲಿ. ವಿದ್ಯಾರ್ಥಿಗಳೇ, ಮೇಷ್ಟ್ರು ಕರೆಯುವವರೆಗೆ ಕಾಯಬೇಡಿ, ನೀವೇ ಹೋಗಿ ಕೇಳಿ. ಯಾವ ಯಾವ ದಿನ ಬಿಡುವಿದೆ, ಎಷ್ಟು ತಿಂಗಳು ಬರಬಲ್ಲಿರಿ ಎಂಬ ಎರಡೇ ಸಂಗತಿ ಮೊದಲು ಹೇಳಿ. ನಾಲ್ಕು ದಿನ ಬಂದು ಫೋಟೋ ತೆಗೆಸಿಕೊಂಡು ಸರ್ಟಿಫಿಕೇಟ್ ಕೇಳುವವರಿಂದ ಲ್ಯಾಬಿಗೆ ಉಪಯೋಗಕ್ಕಿಂತ ಕೆಲಸವೇ ಹೆಚ್ಚು. ಒಂದು ಸೆಮಿಸ್ಟರ್ ಪೂರ್ತಿ ನಿಲ್ಲುವುದಾದರೆ ಮಾತ್ರ ಹೋಗಿ.